ಮೂರು ಕಟ್ಟಡಗಳ ನಡುವೆ ಒಬ್ಬ ರೋಗಿ

ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಇರುವುದು ಮೈಟ್ರಲ್ ಕವಾಟ. ಅದು ಕಿರಿದಾದ ಹೃದಯದ ಸದ್ದು ಹಿಡಿಯುವುದು ಕಷ್ಟ. ಆ ಸದ್ದು ತಗ್ಗಿದ ದನಿಯ, ಬಲು ಮೆಲ್ಲಗಿನ ಗುಡುಗು. ವಾರ್ಡಿನ ಗದ್ದಲದಲ್ಲಿ ಪಳಗಿದ ಕಿವಿಗೂ ತಪ್ಪಿಹೋಗುತ್ತದೆ. ರೋಗಿ ಎಡಮಗ್ಗುಲಿಗೆ ಹೊರಳಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು ಒಂದು ಗಳಿಗೆ ಹಾಗೇ ತಡೆದುಕೊಳ್ಳಬೇಕು. ನಾವು ಸ್ಟೆತಾಸ್ಕೋಪಿನ ಗಂಟೆಯ ಭಾಗವನ್ನು ಎದೆಬಡಿತ ಕೈಗೆ ಸಿಗುವ ಜಾಗದಲ್ಲಿ ಹಗುರಾಗಿ ಇಡಬೇಕು. ಆಗ ಕೇಳಿಸುತ್ತದೆ. ನನಗೆ ಇದನ್ನು ಕಲಿಸಿದ್ದು ಒಬ್ಬ ರೋಗಿ. ವರ್ಷಗಟ್ಟಲೆ ಬೋಧನಾ ಆಸ್ಪತ್ರೆಗೆ ಬಂದು ಹೋಗಿ ಅಭ್ಯಾಸವಾಗಿದ್ದ ಹೆಂಗಸು. ನಾವು ಹುಡುಗರು ಹಾಸಿಗೆಯ ಸುತ್ತ ನೆರೆಯುತ್ತಿದ್ದ ಹಾಗೆಯೇ, ಯಾರೂ ಹೇಳುವ ಮೊದಲೇ ಎಡಕ್ಕೆ ಹೊರಳಿಬಿಡುತ್ತಿದ್ದರು. "ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗಿಡಪ್ಪ. ಒತ್ತಬೇಡ, ಒತ್ತಿದರೆ ಕೇಳಿಸಲ್ಲವಂತೆ, ನಿಮ್ಮ ದೊಡ್ಡ ಡಾಕ್ಟ್ರು ಹೇಳ್ತಿರ್ತಾರೆ" ಎಂದು ತಿದ್ದುತ್ತಿದ್ದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಗಂಟೆಯನ್ನು ಒತ್ತಿ ಹಿಡಿದರೆ ಕೆಳಗಿನ ಚರ್ಮವೇ ಬಿಗಿದು, ತಗ್ಗು ದನಿಯ ಸದ್ದು ಅಡಗಿಹೋಗುತ್ತದೆ.

ಪರೀಕ್ಷೆಯ ಕಾಲ ಬಂತೆಂದರೆ ಇಂಥವರಿಗೆ ಕರೆ ಹೋಗುತ್ತದೆ. ಗುಲ್ಮ ಊದಿದವರು, ಕವಾಟ ಕೆಟ್ಟವರು, ಪಾರ್ಶ್ವವಾಯುವಿನಿಂದ ಒಂದು ಬದಿ ಬಿದ್ದವರು ಲಾಂಗ್ ಕೇಸ್ ಆಗಿ, ಅಂದರೆ ವಿದ್ಯಾರ್ಥಿ ಪೂರ್ತಿ ಪರೀಕ್ಷಿಸಿ ಪರೀಕ್ಷಕರಿಗೆ ವಿವರಿಸಬೇಕಾದ ರೋಗಿಯಾಗಿ, ಬೆಳಗಿನಿಂದ ಮಲಗಿರುತ್ತಾರೆ. ಒಬ್ಬನ ನಂತರ ಒಬ್ಬ ಬಂದು ಹೊಟ್ಟೆ ಒತ್ತುತ್ತಾನೆ, ಮೊಣಕಾಲಿಗೆ ಸುತ್ತಿಗೆ ಬಡಿಯುತ್ತಾನೆ, ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತಾನೆ. ಹುಡುಗನ ಕೈ ನಡುಗುವುದನ್ನು ಕಂಡು ಕನಿಕರದಿಂದ ರೋಗದ ಹೆಸರನ್ನೇ ಉಸುರಿಬಿಡುವ ರೋಗಿಗಳಿದ್ದಾರೆ. ಇವತ್ತು ಎಲ್ಲೋ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಹೆಸರು ಮಾಡಿರುವ ಹೃದ್ರೋಗ ತಜ್ಞರ ಕಿವಿ ತಯಾರಾದದ್ದೂ ಬಹುಪಾಲು ಇಂಥ ಸರ್ಕಾರಿ ವಾರ್ಡಿನಲ್ಲೇ, ಇಂಥವರ ಎದೆಯ ಮೇಲೆಯೇ.

ಈಗ ನಾನೂ ಹಾಸಿಗೆಯ ಪಕ್ಕ ನಿಂತು ಪಾಠ ಹೇಳುವವರ ಸಾಲಿನಲ್ಲಿದ್ದೇನೆ. ಒಂದು ಕಾಲೇಜಿನ ಕೆಳಗೆ ಹಲವು ಆಸ್ಪತ್ರೆಗಳು: ಸಾಮಾನ್ಯ ರೋಗಗಳಿಗೆ ಒಂದು, ಹೆರಿಗೆಗೆ ಒಂದು, ಮಕ್ಕಳಿಗೆ, ಕಣ್ಣಿಗೆ, ಹೃದಯಕ್ಕೆ ಬೇರೆ ಬೇರೆ. ಇಡೀ ನಗರದ ಕಾಯಿಲೆ ಹರಿದು ಬರುವುದು ಇಲ್ಲಿಗೇ. ಬೇರೆಡೆ ಕೈಚೆಲ್ಲಿದವರು, ಹಣ ಮುಗಿದವರು, ಮೊದಲಿನಿಂದಲೂ ಹಣವಿಲ್ಲದವರು, ರಸ್ತೆಯಲ್ಲಿ ಬಿದ್ದಿದ್ದು ಪೊಲೀಸರು ತಂದು ಸೇರಿಸಿದವರು. ಇಲ್ಲಿ ದುಡಿಯುತ್ತ ನನ್ನನ್ನು ಬಿಡದೆ ಕಾಡಿರುವ ಪ್ರಶ್ನೆ ಒಂದೇ. ಇವರು ತಮ್ಮ ಮೈಯನ್ನು ನಮ್ಮ ಕಲಿಕೆಗೆ ಕೊಡುತ್ತಾರಲ್ಲ, ಆ ಕಲಿಕೆಯಿಂದ ಇವರಿಗೇ, ಇದೇ ಹಾಸಿಗೆಯಲ್ಲಿ ಮಲಗಿರುವಾಗಲೇ, ಏನು ದಕ್ಕಬೇಕು? ಚಿಕಿತ್ಸೆ ಸಿಗುತ್ತದಲ್ಲ ಎನ್ನಬೇಡಿ. ಚಿಕಿತ್ಸೆ ನಾಗರಿಕರಾಗಿ ಅವರಿಗೆ ಹೇಗೂ ಸಲ್ಲಬೇಕಾದದ್ದು. ನಾನು ಕೇಳುತ್ತಿರುವುದು ಅದರ ಮೇಲಿನ ಋಣದ ಬಗ್ಗೆ.

ಈ ಋಣ ಹಳೆಯದು. 1714ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ವೈದ್ಯ ಹರ್ಮನ್ ಬೂರ್‌ಹಾವ ಹಾಸಿಗೆಯ ಬಳಿ ಪಾಠ ಶುರು ಮಾಡಿದಾಗ ಅವರ ಬಳಿ ಇದ್ದದ್ದು ಬರೀ 12 ಹಾಸಿಗೆ, ಗಂಡಸರಿಗೆ ಆರು, ಹೆಂಗಸರಿಗೆ ಆರು. ಯುರೋಪಿನ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಅಲ್ಲಿಗೆ ಹೋಗುತ್ತಿದ್ದರು. ಆ ಶತಮಾನದ ಕೊನೆಯಲ್ಲಿ ಪ್ಯಾರಿಸ್ ಇದನ್ನೇ ಒಂದು ನಗರದ ಅಳತೆಗೆ ಬೆಳೆಸಿತು. ಆಗಿನ ಪ್ಯಾರಿಸ್ಸಿನ ಆಸ್ಪತ್ರೆಗಳು ಹೇಗಿದ್ದವೆಂದು ಶಸ್ತ್ರವೈದ್ಯ ಜಾಕ್ ತೆನೋಂ 1788ರ ವರದಿಯಲ್ಲಿ ಬರೆದಿಟ್ಟಿದ್ದಾರೆ. ಓತೆಲ್ ದ್ಯು ಆಸ್ಪತ್ರೆಯಲ್ಲಿ ಒಂದೇ ಮಂಚದ ಮೇಲೆ ಹಲವರು, ಬದುಕಿದ್ದವರ ಪಕ್ಕದಲ್ಲೇ ಸಾಯುತ್ತಿರುವವರು. ಕ್ರಾಂತಿಯ ನಂತರ 1794ರಲ್ಲಿ ಹೊಸ ವೈದ್ಯಶಾಲೆಗಳು ಬಂದವು. ವಿದ್ಯಾರ್ಥಿ ಲ್ಯಾಟಿನ್ ಗ್ರಂಥ ಬದಿಗಿಟ್ಟು ವಾರ್ಡಿಗೆ ಬಂದ. 1849ರ ಕಾನೂನಿನಿಂದ ನಗರದ ಸಾರ್ವಜನಿಕ ಆಸ್ಪತ್ರೆಗಳೆಲ್ಲ ಒಂದೇ ಆಡಳಿತದ ಕೆಳಗೆ ಸೇರಿದವು. ಆ ಸಮೂಹ ಇವತ್ತಿಗೂ ಇದೆ, ಸುಮಾರು 38 ಆಸ್ಪತ್ರೆಗಳೊಂದಿಗೆ.

ಸ್ಟೆತಾಸ್ಕೋಪ್ ಹುಟ್ಟಿದ್ದೂ ಅಲ್ಲಿನ ನೆಕರ್ ಆಸ್ಪತ್ರೆಯಲ್ಲಿ, 1816ರಲ್ಲಿ. ಹೃದ್ರೋಗದ ಒಬ್ಬ ಯುವತಿಯ ಎದೆಗೆ ನೇರವಾಗಿ ಕಿವಿ ಇಡಲು ಸಂಕೋಚಪಟ್ಟ ವೈದ್ಯ ರೆನೆ ಲೆನೆಕ್ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ, ಅದರ ಒಂದು ತುದಿಗೆ ಕಿವಿ ಕೊಟ್ಟರು. ಮೂರು ವರ್ಷದಲ್ಲಿ ಪುಸ್ತಕವೇ ಬಂತು. ಆ ಪುಸ್ತಕ ಬರೆಯಲು ಸಾಧ್ಯವಾದದ್ದು ಹೇಗೆಂದರೆ, ಬದುಕಿದ್ದಾಗ ಎದೆಯಲ್ಲಿ ಕೇಳಿದ ಸದ್ದನ್ನು, ಸತ್ತ ಮೇಲೆ ಅದೇ ಎದೆಯನ್ನು ತೆರೆದು ಕಂಡದ್ದರ ಜೊತೆ ತಾಳೆ ನೋಡಿದ್ದರಿಂದ. ಎರಡೂ ಸಿಗುತ್ತಿದ್ದದ್ದು ಬಡವರ ಆಸ್ಪತ್ರೆಯಲ್ಲಿ ಮಾತ್ರ. ಸಿರಿವಂತರು ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದರು, ಮನೆಯಲ್ಲೇ ಸಾಯುತ್ತಿದ್ದರು. ಅವರ ಮೈ ಯಾರಿಗೂ ಪಾಠವಾಗುತ್ತಿರಲಿಲ್ಲ.

ಪಾಠವೇ ರೋಗಿಯನ್ನು ಕೊಂದ ಕಥೆಯೂ ಇದೆ, ಮತ್ತು ಬೋಧನಾ ಆಸ್ಪತ್ರೆಯ ಬಗ್ಗೆ ಮಾತಾಡುವವರು ಅದನ್ನು ಹಾರಿಸಿ ಮುಂದೆ ಹೋಗಬಾರದು. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಒಂದು ದಿನ ಇದಕ್ಕೆ ದಾಖಲಾತಿ, ಮರುದಿನ ಅದಕ್ಕೆ. ಮೊದಲ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸುಮಾರು ನೂರಕ್ಕೆ ಹತ್ತು ಮಂದಿ ಸಾಯುತ್ತಿದ್ದರೆ, ಎರಡನೆಯದರಲ್ಲಿ ಅದರ ಅರ್ಧಕ್ಕೂ ಕಡಿಮೆ. ಇದು ಊರಿನ ಹೆಂಗಸರಿಗೆ ಗೊತ್ತಿತ್ತು. ಮೊದಲ ವಿಭಾಗಕ್ಕೆ ಹಾಕಬೇಡಿ ಎಂದು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲೇ ಹೆತ್ತು ಆಮೇಲೆ ಬಂದವರೂ ಇದ್ದರು, ಮತ್ತು ಅವರಿಗೆ ಜ್ವರ ಬರುವುದು ಕಡಿಮೆ ಇತ್ತು! ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಉತ್ತರ ಹೊಳೆದದ್ದು 1847ರಲ್ಲಿ. ಶವಪರೀಕ್ಷೆ ಮಾಡುತ್ತಿದ್ದಾಗ ವಿದ್ಯಾರ್ಥಿಯ ಚಾಕು ತಗುಲಿ ಅವರ ಸಹೋದ್ಯೋಗಿ ಕೊಲ್ಲೆಚ್ಕಾ ತೀರಿಕೊಂಡರು. ಅವರ ದೇಹದಲ್ಲಿ ಕಂಡದ್ದು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದದ್ದೇ. ವಿದ್ಯಾರ್ಥಿಗಳು ಬೆಳಗ್ಗೆ ಶವ ಕೊಯ್ದ ಕೈಯಲ್ಲೇ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯುವ ನಿಯಮ ಮೇ ತಿಂಗಳಲ್ಲಿ ಬಂತು. ಏಪ್ರಿಲಿನಲ್ಲಿ ಶೇಕಡ 18 ದಾಟಿದ್ದ ಸಾವು ಜೂನಿನಲ್ಲಿ ಎರಡರ ಆಸುಪಾಸಿಗೆ ಇಳಿಯಿತು.

ಇದನ್ನು ನಮ್ಮಲ್ಲಿ ಕೈತೊಳೆಯುವ ಮಹಿಮೆಯ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಬೇರೊಂದು ಎಳೆ ದೊಡ್ಡದಾಗಿ ಕಾಣುತ್ತದೆ. ಯಾವ ವಿಭಾಗ ಅಪಾಯದ್ದು ಎಂಬುದು ಪ್ರೊಫೆಸರುಗಳು ಒಪ್ಪುವ ಮೊದಲೇ ರೋಗಿಗಳಿಗೆ ತಿಳಿದಿತ್ತು. ಅವರನ್ನು ಯಾರೂ ಕೇಳಲಿಲ್ಲ. ಕೇಳಿದವರೂ ಅದನ್ನು ಹೆಂಗಸರ ಹೆದರಿಕೆ ಎಂದು ಬದಿಗೆ ಸರಿಸಿದರು.

ಕೇಳದೇ ಇರುವ ಆ ಚಾಳಿ ಇಪ್ಪತ್ತನೇ ಶತಮಾನದಲ್ಲೂ ಹೋಗಲಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಬೋಧನಾ ಆಸ್ಪತ್ರೆಯೊಂದರಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಮುಂಚಿನ ಹಂತದಲ್ಲಿದ್ದ ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ, ಅವರಿಗೆ ತಿಳಿಸದೆ, ವರ್ಷಗಟ್ಟಲೆ ಸುಮ್ಮನೆ ಗಮನಿಸಲಾಗಿತ್ತು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ನಡೆಸಿದ ವಿಚಾರಣೆಯ ವರದಿ 1988ರಲ್ಲಿ ಬಂತು. ಅದರಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು: ಅರಿವಳಿಕೆಯಲ್ಲಿದ್ದ ಹೆಂಗಸರ ಮೇಲೆ, ಅವರ ಒಪ್ಪಿಗೆಯಿಲ್ಲದೆ, ವಿದ್ಯಾರ್ಥಿಗಳಿಗೆ ಒಳಪರೀಕ್ಷೆ ಕಲಿಸಲಾಗುತ್ತಿತ್ತು. 1996ರಲ್ಲಿ ಆ ದೇಶ ರೋಗಿಯ ಹಕ್ಕುಗಳ ಸಂಹಿತೆ ತಂದಾಗ ಬೋಧನೆಯ ಸಮಯದಲ್ಲೂ ಆ ಹಕ್ಕುಗಳೆಲ್ಲ ಅನ್ವಯಿಸುತ್ತವೆ ಎಂದು ಬಿಡಿಸಿ ಬರೆಯಿತು. ಅಮೆರಿಕದ ಆರೋಗ್ಯ ಇಲಾಖೆ ಇಂಥ ಒಳಪರೀಕ್ಷೆಗೆ ಮೊದಲೇ ಸ್ಪಷ್ಟ ಒಪ್ಪಿಗೆ ಪಡೆಯಬೇಕೆಂದು ತನ್ನ ಆಸ್ಪತ್ರೆಗಳಿಗೆ ತಾಕೀತು ಮಾಡಿದ್ದು 2024ರಲ್ಲಿ. ಎಷ್ಟು ತಡ ನೋಡಿ. "ಈ ಹುಡುಗಿ ಕಲಿಯುತ್ತಿದ್ದಾಳೆ, ನಿಮ್ಮ ಹೊಟ್ಟೆ ಮುಟ್ಟಿ ನೋಡಬಹುದೇ? ಬೇಡವೆಂದರೆ ನಿಮ್ಮ ಚಿಕಿತ್ಸೆಗೆ ಏನೂ ಕಮ್ಮಿಯಾಗಲ್ಲ." ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಕೇಳಿದರೆ ಎಲ್ಲರೂ ಬೇಡ ಅನ್ನುತ್ತಾರೆ, ಪಾಠವೇ ನಿಂತುಹೋಗುತ್ತದೆ ಎಂಬ ವಾದವನ್ನು ಹಿರಿಯರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ನನ್ನ ಅನುಭವದಲ್ಲಿ ಬೇಡವೆನ್ನುವವರು ಬೆರಳೆಣಿಕೆಯಷ್ಟು. ಕೇಳಿಸಿಕೊಂಡ ರೋಗಿ ಹೆಚ್ಚು ಮಾತಾಡುತ್ತಾರೆ, ಹಿಸ್ಟರಿ, ಅಂದರೆ ಕಾಯಿಲೆಯ ಹಿನ್ನೆಲೆ, ಸರಿಯಾಗಿ ಸಿಗುತ್ತದೆ, ಪಾಠವೂ ಚೆನ್ನಾಗಿ ಆಗುತ್ತದೆ.

ಇಷ್ಟಾದರೂ ಒಪ್ಪಿಗೆ ಕೇಳುವುದು ಕನಿಷ್ಠ ಮರ್ಯಾದೆ, ಋಣ ತೀರುವುದು ಅದರಿಂದಲ್ಲ. ಋಣದ ಮಾತಿಗೆ ಬರುವ ಮೊದಲು ಆಸ್ಪತ್ರೆಗಳು ಹೀಗೆ ಗುಂಪುಗೂಡುವುದೇಕೆ ಎಂಬುದನ್ನು ನೋಡಬೇಕು.

ದೊಡ್ಡದಾಗುವುದರಲ್ಲಿ ನಿಜವಾದ ಲಾಭವಿದೆ, ಅದನ್ನು ಅಲ್ಲಗಳೆಯುವವನಲ್ಲ ನಾನು. ಅಪರೂಪದ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಒಂದೆರಡು ಸಲ ಮಾಡುವ ಕೈಗಿಂತ ವಾರಕ್ಕೊಮ್ಮೆ ಮಾಡುವ ಕೈ ವಾಸಿ. ಮಿದುಳಿನ ರಕ್ತನಾಳ ಕಟ್ಟಿ ಪಾರ್ಶ್ವವಾಯು ಹೊಡೆದವರಿಗೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಹಗಲು ರಾತ್ರಿ ಸ್ಕ್ಯಾನ್ ಬೇಕು, ಅದನ್ನು ನೋಡಬಲ್ಲ ತಜ್ಞರು ಬೇಕು. ಪ್ರತಿ ಆಸ್ಪತ್ರೆಯಲ್ಲೂ ಇದನ್ನೆಲ್ಲ ಇಡಲಾಗದು. 2010ರಲ್ಲಿ ಲಂಡನ್ ನಗರ, ಅಲ್ಲಿಯವರೆಗೆ ಸುಮಾರು 30 ಆಸ್ಪತ್ರೆಗಳಲ್ಲಿ ಚದುರಿದ್ದ ಪಾರ್ಶ್ವವಾಯು ಚಿಕಿತ್ಸೆಯ ತುರ್ತು ಭಾಗವನ್ನು ಎಂಟು ಕೇಂದ್ರಗಳಿಗೆ ತಂದಿತು. ಆಂಬುಲೆನ್ಸು ಹತ್ತಿರದ ಆಸ್ಪತ್ರೆಯನ್ನು ದಾಟಿಯಾದರೂ ಈ ಎಂಟರಲ್ಲೊಂದಕ್ಕೇ ಹೋಗಬೇಕು. ಸಾವು ಇಳಿಯಿತು. ಅದೇ ವರ್ಷ ಮ್ಯಾಂಚೆಸ್ಟರ್ ಕೂಡ ಹೀಗೇ ಮಾಡಿತು, ಆದರೆ ಲಕ್ಷಣ ಕಾಣಿಸಿಕೊಂಡು ನಾಲ್ಕು ಗಂಟೆಯೊಳಗೆ ಸಿಕ್ಕವರನ್ನು ಮಾತ್ರ ದೊಡ್ಡ ಕೇಂದ್ರಕ್ಕೆ, ಉಳಿದವರನ್ನು ಹತ್ತಿರದಲ್ಲಿದ್ದಲ್ಲಿಗೆ ಎಂಬ ನಿಯಮವಿಟ್ಟಿತು. ಅಲ್ಲಿ ಮೊದಲ ಸುತ್ತಿನಲ್ಲಿ ಸಾವಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. 2015ರಲ್ಲಿ ನಿಯಮ ಬದಲಿಸಿ ಎಲ್ಲರನ್ನೂ ಕಳಿಸಲು ಶುರು ಮಾಡಿದರು. ರೋಗಿ ಯಾವ ಬಾಗಿಲಿಗೆ ಹೋಗಬೇಕು ಎಂಬುದರಲ್ಲಿ ಗೊಂದಲವಿದ್ದರೆ ಎಷ್ಟು ಒಳ್ಳೆಯ ಕೇಂದ್ರವಿದ್ದೂ ಅದರ ಪೂರ್ತಿ ಫಲ ಸಿಗುವುದಿಲ್ಲ.

ಪಾರ್ಶ್ವವಾಯು ಒಂದೇ ಬಾಗಿಲಿನ ಕಾಯಿಲೆ. ನಮ್ಮ ವಾರ್ಡಿನ ಬಹುಪಾಲು ಜನರ ಕಾಯಿಲೆ ಹಾಗಿರುವುದಿಲ್ಲ.

ಮತ್ತೆ ಮೈಟ್ರಲ್ ಕವಾಟಕ್ಕೇ ಬರುತ್ತೇನೆ, ಏಕೆಂದರೆ ಅದರಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ರೋಗ ಇನ್ನೊಂದಿಲ್ಲ. ಇದು ಬಡತನದ ಕಾಯಿಲೆ. ಇಕ್ಕಟ್ಟಾದ ಮನೆಯಲ್ಲಿ ಒಟ್ಟಿಗೆ ಮಲಗುವ ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಯಾರೂ ಅದನ್ನು ದೊಡ್ಡದಾಗಿ ಎಣಿಸುವುದಿಲ್ಲ. ಕೆಲವರಲ್ಲಿ ಅದು ಸಂಧಿವಾತ ಜ್ವರವಾಗಿ, ಹೃದಯದ ಕವಾಟವನ್ನು ಹಿಡಿದು, ವರ್ಷಗಳ ಮೇಲೆ ಅದನ್ನು ಕಿರಿದು ಮಾಡುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತಪ್ಪದೆ ಕೊಟ್ಟರೆ ಜ್ವರ ಮರುಕಳಿಸುವುದನ್ನು ತಡೆಯಬಹುದು. ತಪ್ಪಿತು ಎಂದುಕೊಳ್ಳಿ, ಹುಡುಗಿ ದೊಡ್ಡವಳಾದಳು, ಬಸುರಿಯಾದಳು. ಬಸಿರಿನಲ್ಲಿ ರಕ್ತದ ಪ್ರಮಾಣ ಅರ್ಧದಷ್ಟರವರೆಗೂ ಹೆಚ್ಚುತ್ತದೆ, ಹೃದಯ ಬೇಗ ಬೇಗ ಬಡಿಯುತ್ತದೆ. ಕಿರಿದಾದ ಕವಾಟದ ಮೂಲಕ ಅಷ್ಟು ರಕ್ತ ಹಾಯಲು ಸಮಯ ಸಾಲದು, ಹಿಂದೆ ನಿಂತ ಒತ್ತಡ ಶ್ವಾಸಕೋಶಕ್ಕೆ ಏರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಎಲ್ಲಕ್ಕಿಂತ ಅಪಾಯದ ಹೊತ್ತೆಂದರೆ ಮಗು ಹೊರಬಂದ ಕೂಡಲೇ. ಗರ್ಭಕೋಶ ಕುಗ್ಗಿ ತನ್ನಲ್ಲಿದ್ದ ರಕ್ತವನ್ನು ಒಮ್ಮೆಗೇ ಹೃದಯದ ಕಡೆ ತಳ್ಳುತ್ತದೆ. ಮನೆಯವರು ಮಗುವನ್ನು ನೋಡಿ ನಗುತ್ತಿರುವ ಗಳಿಗೆಯಲ್ಲೇ ತಾಯಿಯ ಶ್ವಾಸಕೋಶ ನೀರು ತುಂಬಿಕೊಳ್ಳಬಹುದು.

ಈಕೆ ಯಾವ ಆಸ್ಪತ್ರೆಯ ರೋಗಿ? ಹೆರಿಗೆ ಆಸ್ಪತ್ರೆಯಲ್ಲಿ ಕಾರ್ಡಿಯಾಲಜಿ ಒಪೀನಿಯನ್ ತನ್ನಿ ಎನ್ನುತ್ತಾರೆ. ಹೃದಯದ ಕಟ್ಟಡದಲ್ಲಿ ಎಕೋ ಮಾಡಿ, ಹೆರಿಗೆಯವರ ಜೊತೆ ಮಾತಾಡಿ ಎಂದು ಬರೆದು ಕಳಿಸುತ್ತಾರೆ. ನಡುವೆ ಇನ್ನೊಂದು ಕಟ್ಟಡದಲ್ಲಿ ರಕ್ತಪರೀಕ್ಷೆ. ಎರಡು ಕಡೆಯ ಡಾಕ್ಟರುಗಳೂ ಒಳ್ಳೆಯವರೇ, ಬರೆದದ್ದೆಲ್ಲ ಸರಿಯೇ. ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಚೀಟಿಗಳನ್ನು ಹಿಡಿದು ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಏದುಸಿರು ಬಿಡುತ್ತ ನಡೆಯುವವಳು ರೋಗಿಯೇ. ಅವಳ ಜೊತೆಗಿರುವ ಅತ್ತೆಗೋ ತಂಗಿಗೋ ಆ ಚೀಟಿಯಲ್ಲಿ ಏನಿದೆಯೆಂದು ಓದಲು ಬರುವುದಿಲ್ಲ. ಮುಖ್ಯವಾದ ಮಾತು, ಹೆರಿಗೆಯಾದ ತಕ್ಷಣದ ಅಪಾಯದ ಮಾತು, ಯಾವ ಕಾಗದದಲ್ಲಿದೆಯೋ ಆ ಕಾಗದ ರಾತ್ರಿ ಎರಡು ಗಂಟೆಗೆ ಲೇಬರ್ ರೂಮಿನಲ್ಲಿ ಇರುವ ಪಿಜಿಯ, ಅಂದರೆ ಸ್ನಾತಕೋತ್ತರ ತರಬೇತಿಯಲ್ಲಿರುವ ಡಾಕ್ಟರ, ಕೈಗೆ ಸಿಗುವುದೇ ಇಲ್ಲ. ಇಂಥ ಒಂದು ರಾತ್ರಿಯನ್ನು ನಾನು ಬಲು ಹತ್ತಿರದಿಂದ ನೋಡಿದ್ದೇನೆ. ತಾಯಿ ಉಳಿದರು, ಅದು ಅಲ್ಲಿದ್ದ ಒಬ್ಬ ಹಿರಿಯ ನರ್ಸಿನ ಕಣ್ಣಿನಿಂದ. ಕಾಲು ಚಾಚಿ ಮಲಗಲಾರದೆ ಎದ್ದು ಕೂತವಳನ್ನು ಕಂಡು, ಇದು ಹೆರಿಗೆಯ ಸುಸ್ತಲ್ಲ ಎಂದು ಅವರು ಕೂಗಿ ಹೇಳಿದ್ದರಿಂದ.

ಕೈಯಿಂದ ಕೈಗೆ ದಾಟುವಾಗ ಮಾಹಿತಿ ಸೋರುತ್ತದೆ ಎಂಬುದು ವೈದ್ಯಲೋಕಕ್ಕೆ ಹೊಸ ವಿಷಯವಲ್ಲ. ನ್ಯೂಯಾರ್ಕಿನಲ್ಲಿ 1984ರಲ್ಲಿ 18 ವರ್ಷದ ಹುಡುಗಿಯೊಬ್ಬಳು, ನಿದ್ದೆಗೆಟ್ಟ ತರಬೇತಿ ವೈದ್ಯರ ಕೈಯಲ್ಲಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಆ ಪ್ರಕರಣದ ಫಲವಾಗಿ 1989ರಲ್ಲಿ ಆ ರಾಜ್ಯ ತರಬೇತಿ ವೈದ್ಯರ ಕೆಲಸವನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು. ಬೇಕಾದ ಕಾನೂನೇ. ಆದರೆ ಪಾಳಿ ಚಿಕ್ಕದಾದಷ್ಟೂ ಹ್ಯಾಂಡೋವರ್, ಅಂದರೆ ರೋಗಿಯನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವುದು, ಹೆಚ್ಚು. ಅದನ್ನು ಸರಿಪಡಿಸಲು ಉತ್ತರ ಅಮೆರಿಕದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಹ್ಯಾಂಡೋವರಿಗೆ ಒಂದು ನಿಶ್ಚಿತ ಕ್ರಮ ತಂದರು. ರೋಗಿ ಎಷ್ಟು ಗಂಭೀರ, ಸಾರಾಂಶವೇನು, ಮಾಡಬೇಕಾದದ್ದೇನು, ಏನಾದರೆ ಏನು ಮಾಡಬೇಕು, ಕೊನೆಗೆ ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ ವೈದ್ಯಕೀಯ ತಪ್ಪುಗಳು ಶೇಕಡ 23ರಷ್ಟು ಇಳಿದವು, ತಪ್ಪಿಸಬಹುದಾಗಿದ್ದ ಹಾನಿ ಶೇಕಡ 30ರಷ್ಟು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಸರಿಯಾಗಿ ಹೇಳುವುದು, ಸರಿಯಾಗಿ ಕೇಳಿಸಿಕೊಳ್ಳುವುದು, ಅಷ್ಟೇ.

ಒಂದೇ ವಾರ್ಡಿನೊಳಗೆ ಇದು ಸಾಧ್ಯ. ಕಟ್ಟಡದಿಂದ ಕಟ್ಟಡಕ್ಕೆ, ಓಪಿಡಿಯಿಂದ ಲೇಬರ್ ರೂಮಿಗೆ, ಡಿಸ್ಚಾರ್ಜಿನಿಂದ ಮುಂದಿನ ಭೇಟಿಗೆ ದಾಟುವಾಗ ಹೇಳುವವರು ಯಾರು? ಕನ್ಸಲ್ಟೆಂಟರಿಗೆ ಓಪಿಡಿಯಲ್ಲಿ ಇನ್ನೂ ನೂರು ಜನ ಕಾದಿದ್ದಾರೆ. ಪಿಜಿಗೆ ನಿದ್ದೆಯಿಲ್ಲ. ನರ್ಸಿನ ಪಾಳಿ ಮುಗಿಯುತ್ತದೆ. ಇಡೀ ಸಮೂಹದಲ್ಲಿ ಸಮಯವಿರುವ, ಎಲ್ಲ ಕಟ್ಟಡಗಳಿಗೂ ಪ್ರವೇಶವಿರುವ, ಕೇಸ್ ಶೀಟ್ ಓದಬಲ್ಲ ಒಬ್ಬರಿದ್ದಾರೆ. ವಿದ್ಯಾರ್ಥಿ. ಅವನನ್ನೋ ಅವಳನ್ನೋ ನಾವು ಹೇಗೆ ಬಳಸುತ್ತಿದ್ದೇವೆ? ಕೆಲವು ವಾರ ಮೆಡಿಸಿನ್ ಪೋಸ್ಟಿಂಗ್, ಕೆಲವು ವಾರ ಹೆರಿಗೆ ವಿಭಾಗ, ಆಮೇಲೆ ಮಕ್ಕಳ ವಿಭಾಗ. ಮೆಡಿಸಿನ್ ವಾರ್ಡಿನಲ್ಲಿ ಕವಾಟದ ಸದ್ದು ಕೇಳಿದ ಹುಡುಗಿಗೆ ಆ ರೋಗಿಯ ಹೆರಿಗೆ ಏನಾಯಿತೆಂದು ತಿಳಿಯುವುದಿಲ್ಲ. ಹೆರಿಗೆ ನೋಡಿದ ಹುಡುಗನಿಗೆ ಆ ತಾಯಿ ಮೂರು ತಿಂಗಳ ಮೇಲೆ ಚುಚ್ಚುಮದ್ದಿಗೆ ಬಂದರೋ ಇಲ್ಲವೋ ಗೊತ್ತಿಲ್ಲ. ರೋಗದ ತುಂಡುಗಳನ್ನು ಕಲಿತು ಅವರು ಡಾಕ್ಟರಾಗುತ್ತಾರೆ.

ಇದನ್ನು ಬೇರೆ ರೀತಿ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮಿನೆಸೋಟದಲ್ಲಿ 1971ರಿಂದಲೇ ವೈದ್ಯ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಒಂದೇ ಹಳ್ಳಿ ಪ್ರದೇಶದಲ್ಲಿ ಇರಿಸಿ ಕಲಿಸುವ ಕ್ರಮವಿದೆ. ನಗರದ ಮಟ್ಟಿಗೆ ನನಗೆ ಹತ್ತಿರವೆನಿಸುವುದು ಮ್ಯಾಸಚೂಸೆಟ್ಸಿನ ಕೇಂಬ್ರಿಜ್. ಅಲ್ಲಿನ ಸಾರ್ವಜನಿಕ ಆಸ್ಪತ್ರೆ ಸಮೂಹದಲ್ಲಿ 2004ರಿಂದ ಹಾರ್ವರ್ಡಿನ ಒಂದು ಚಿಕ್ಕ ಗುಂಪಿನ ವಿದ್ಯಾರ್ಥಿಗಳು ವಿಭಾಗದಿಂದ ವಿಭಾಗಕ್ಕೆ ಹಾರುವುದನ್ನು ಬಿಟ್ಟು, ಇಡೀ ವರ್ಷ ತಮಗೆ ವಹಿಸಿದ ರೋಗಿಗಳ ಹಿಂದೆ ಹೋಗುತ್ತಾರೆ. ರೋಗಿ ಕ್ಲಿನಿಕ್ಕಿಗೆ ಬಂದರೆ ಅಲ್ಲಿ, ಶಸ್ತ್ರಚಿಕಿತ್ಸೆಗೆ ಹೋದರೆ ಥಿಯೇಟರಿನಲ್ಲಿ, ಹೆರಿಗೆಯಾದರೆ ಲೇಬರ್ ರೂಮಿನಲ್ಲಿ.

ಋಣ ತೀರಿಸುವ ದಾರಿ ನನಗೆ ಕಾಣುವುದು ಇಲ್ಲೇ. ನಮ್ಮಂಥ ಸಮೂಹಗಳಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಎಲ್ಲ ರೋಗಿಗಳಿಗೂ ಇದನ್ನು ತರಲಾಗದು. ಬೇಕಾಗಿಯೂ ಇಲ್ಲ. ಎರಡು ಮೂರು ಕಟ್ಟಡಗಳಿಗೆ ಸೇರಿದ ರೋಗಿಗಳಿಂದ ಶುರು ಮಾಡಬಹುದು: ಹೃದ್ರೋಗದ ಬಸುರಿಯರು, ಕ್ಷಯ ಮತ್ತು ಸಕ್ಕರೆ ಕಾಯಿಲೆ ಎರಡೂ ಇರುವವರು, ಡಯಾಲಿಸಿಸ್ಸಿಗೆ ಬರುವವರು. ಪ್ರತಿ ವಿದ್ಯಾರ್ಥಿಗೆ ಇಂಥ ಒಬ್ಬರು ಅಥವಾ ಇಬ್ಬರು, ಒಂದು ವರ್ಷಕ್ಕೆ, ರೋಗಿಯ ಒಪ್ಪಿಗೆಯೊಂದಿಗೆ. ಕನ್ಸಲ್ಟೇಶನ್ನಿಗೆ ಹೋಗುವಾಗ ಜೊತೆಗೆ ಹೋಗುವುದು, ಡಾಕ್ಟರು ಹೇಳಿದ್ದನ್ನು ಮನೆಯವರಿಗೆ ಅವರ ಮಾತಿನಲ್ಲಿ ಬಿಡಿಸಿ ಹೇಳುವುದು, ಮುಂದಿನ ವಾರ್ಡಿನ ಪಿಜಿಗೆ ಮುಖ ನೋಡಿ ಹ್ಯಾಂಡೋವರ್ ಕೊಡುವುದು, ಚುಚ್ಚುಮದ್ದಿನ ದಿನ ತಪ್ಪಿದರೆ ಫೋನ್ ಮಾಡುವುದು. ಔಷಧ ಬರೆಯುವ ಅಧಿಕಾರ ಅವರಿಗಿಲ್ಲ, ಇರಲೂ ಬಾರದು. ತಮ್ಮ ರೋಗಿಯ ಹಿಸ್ಟರಿಯನ್ನು ಅವರಷ್ಟು ಬಲ್ಲವರು ಆ ಸಮೂಹದಲ್ಲಿ ಮತ್ತೊಬ್ಬರು ಇರುವುದಿಲ್ಲ, ಅದು ಸಾಕು. ಇದಕ್ಕೆ ಅಂಕವಿರಲಿ, ಲಾಂಗ್ ಕೇಸಿಗೆ ಇರುವಷ್ಟೇ. ಪರೀಕ್ಷಕರು ಪ್ರಶ್ನೆ ಕೇಳುವಾಗ ಆ ರೋಗಿಯೂ ಅಲ್ಲಿ ಕೂತಿರಲಿ, ಈ ಹುಡುಗಿ ವರ್ಷವಿಡೀ ನನಗೆ ಏನೇನು ಮಾಡಿದಳು, ಯಾವಾಗ ಬರಲಿಲ್ಲ ಎಂದು ಹೇಳಲಿ. ಅದಕ್ಕೂ ಅಂಕವಿರಲಿ.

ಮುಂದಿನ ಬ್ಯಾಚಿಗೆ ಇದನ್ನು ಕೆಲವೇ ಮಂದಿ ವಿದ್ಯಾರ್ಥಿಗಳೊಂದಿಗೆ ಮಾಡಿ ನೋಡೋಣವೆಂದು ವಿಭಾಗದಲ್ಲಿ ಕೇಳಿದ್ದೇನೆ. ಟೈಮ್‌ಟೇಬಲ್ ಹೊಂದಿಸುವುದು ತಲೆನೋವು, ಹಾಜರಿ ಯಾವ ವಿಭಾಗದ ಲೆಕ್ಕಕ್ಕೆ ಎಂಬ ಪ್ರಶ್ನೆ ಎದ್ದಿದೆ. ಹೆರಿಗೆ ವಿಭಾಗದವರು ಒಪ್ಪಿದ್ದಾರೆ. ಹೃದಯದ ಕಟ್ಟಡದವರು ಯೋಚಿಸುತ್ತೇವೆ ಎಂದಿದ್ದಾರೆ.